ಊರು ಬಿಡುವ ಮುನ್ನ ಲ್ಯಾಪ್‌ಟಾಪಿನ ಕೀ ಬರೆದಿಟ್ಟುಕೊಳ್ಳಿ

ಓದಲು ಜರ್ಮನಿಗೆ ಬರುವ ನಮ್ಮ ಕಡೆಯ ಮಕ್ಕಳು ಚಟ್ನಿಪುಡಿ, ಕುಕ್ಕರ್ ಎಲ್ಲ ನೆನಪಿಟ್ಟು ತರುತ್ತಾರೆ. ಲ್ಯಾಪ್‌ಟಾಪ್ ಕೆಟ್ಟಾಗ ಮಾತ್ರ ಗಾಬರಿಯಿಂದ ಫೋನ್ ಮಾಡುತ್ತಾರೆ: "ಅಕ್ಕಾ, ವಿಂಡೋಸ್ ಡಿಸ್ಕ್ ಕೊಟ್ಟೇ ಇರಲಿಲ್ಲ, ಈಗೇನು ಮಾಡ್ಲಿ?"

ಡಿಸ್ಕ್ ಬೇಡವೇ ಬೇಡ. ವಿಂಡೋಸ್ ಮತ್ತೆ ಹಾಕಲು 8 ಜಿಬಿಯ ಪೆನ್ ಡ್ರೈವ್ ಮತ್ತು ಸರಿಯಿರುವ ಇನ್ನೊಂದು ಕಂಪ್ಯೂಟರ್ ಸಾಕು. ಪೆನ್ ಡ್ರೈವ್ ಮೊದಲೇ ಮನೆಯಲ್ಲಿರಲಿ, ಯಾಕಂದ್ರೆ ಇಲ್ಲಿ ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ. ಮೈಕ್ರೋಸಾಫ್ಟ್‌ನ ಮೀಡಿಯಾ ಕ್ರಿಯೇಷನ್ ಟೂಲ್ ಪುಕ್ಕಟೆ ಸಿಗುತ್ತದೆ, ಪೆನ್ ಡ್ರೈವನ್ನು ಅದೇ ತಯಾರು ಮಾಡಿಕೊಡುತ್ತದೆ. ಲೈಸೆನ್ಸಿಗೆ ಮತ್ತೆ ದುಡ್ಡು ಕೊಡಬೇಡಿ. ವಿಂಡೋಸ್ 8ರಿಂದ ಈಚೆಗೆ, ವಿಂಡೋಸ್ ಸಮೇತ ಮಾರುವ ಲ್ಯಾಪ್‌ಟಾಪುಗಳ ಮದರ್‌ಬೋರ್ಡಿನಲ್ಲೇ ಪ್ರಾಡಕ್ಟ್ ಕೀ ಕೂತಿರುತ್ತದೆ. ನಮ್ಮಲ್ಲಿ ಕೊಂಡವುಗಳಲ್ಲಿ ಹೆಚ್ಚಾಗಿ ಹೋಮ್ ಸಿಂಗಲ್ ಲ್ಯಾಂಗ್ವೇಜ್ ಎಂಬ ವಿಂಡೋಸ್ ಆವೃತ್ತಿ ಇರುತ್ತದೆ. ಇನ್‌ಸ್ಟಾಲರ್ ಆ ಕೀಯನ್ನು ತಾನೇ ಓದಿಕೊಳ್ಳುತ್ತದೆ. ಇಂಟರ್ನೆಟ್ ಸಿಕ್ಕೊಡನೆ ಆ್ಯಕ್ಟಿವೇಟ್ ಆಗುತ್ತದೆ.

ಕಷ್ಟವಿರುವುದು ಹಳೆಯ ಫೈಲುಗಳದ್ದು. ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದರೆ ಎಷ್ಟೋ ಲ್ಯಾಪ್‌ಟಾಪುಗಳಲ್ಲಿ ಫೈಲುಗಳಿರುವ ಒಳಗಿನ ಡಿಸ್ಕ್ ತಾನಾಗಿಯೇ ಎನ್‌ಕ್ರಿಪ್ಟ್ ಆಗಿಬಿಡುತ್ತದೆ, ಅಂದ್ರೆ ಬೀಗ ಹಾಕಿದಂತೆ. ಅದು ಒಳ್ಳೆಯದೇ, ಕಳ್ಳನ ಕೈಗೆ ಸಿಕ್ಕರೂ ಏನೂ ಓದಲಾಗದು. ಆದರೆ ಯಂತ್ರ ಕೆಟ್ಟಾಗ ಫೈಲು ತೆಗೆಯಲು ಆ ಬೀಗ ತೆರೆಯುವ 48 ಅಂಕಿಯ ಬಿಟ್‌ಲಾಕರ್ ರಿಕವರಿ ಕೀ ಬೇಕು. ಆ ಕೀ ಇರುವುದು ಅದೇ ಖಾತೆಯಲ್ಲಿ. ಹೊಸ ಕಂಪ್ಯೂಟರಿನಿಂದ ಖಾತೆ ತೆರೆಯಲು ಹೋದರೆ ಫೋನಿಗೆ ಕೋಡ್ ಬರುತ್ತದೆ. ಯಾವ ಫೋನಿಗೆ? ಊರಿನ ನಂಬರಿಗೆ!

ನಮ್ಮ ಪಕ್ಕದ ಬೀದಿಯ ದಾವಣಗೆರೆ ಹುಡುಗಿಗೆ ಆದದ್ದು ಇದೇ. ಥೀಸಿಸ್ಸೆಲ್ಲ ಆ ಡಿಸ್ಕಿನಲ್ಲೇ ಇತ್ತು. ಪುಣ್ಯಕ್ಕೆ ಸಿಮ್ ಅವಳಪ್ಪನ ಹತ್ತಿರ ಚಾಲ್ತಿಯಲ್ಲಿತ್ತು. ಇಲ್ಲಿ ರಾತ್ರಿ ಒಂಬತ್ತು, ಅಲ್ಲಿ ಹನ್ನೆರಡೂವರೆ. "ಬರ್ಕೋ ಪುಟ್ಟಿ, ನಿಧಾನಕ್ಕೆ ಹೇಳ್ತೀನಿ" ಅಂತ ಅವರು ಫೋನಿಗೆ ಬಂದ ಕೋಡಿನ ಒಂದೊಂದೇ ಅಂಕಿ ಓದಿದರು. ಕೀ ಸಿಕ್ಕಿತು. ರಿಕವರಿ ಪರದೆಯ ಕಮಾಂಡ್ ಪ್ರಾಂಪ್ಟಿನಿಂದ ಥೀಸಿಸ್ಸನ್ನು ಹೊರಗಿನ ಡಿಸ್ಕಿಗೆ ಕಾಪಿ ಮಾಡಿದೆವು. ನನಗೇ ಕಣ್ಣು ತುಂಬಿ ಬಂತು.

ಆಮೇಲೆ ವಿಂಡೋಸ್ ಹಾಕಿದ್ದು ದೊಡ್ಡ ಕೆಲಸವಲ್ಲ. ಮೊದಲಿಗೆ ಮಾತ್ರ ಇನ್‌ಸ್ಟಾಲರಿಗೆ ಎಸ್‌ಎಸ್‌ಡಿಯೇ (ಲ್ಯಾಪ್‌ಟಾಪಿನ ಒಳಗಿನ ಡಿಸ್ಕ್) ಕಾಣಲಿಲ್ಲ. ಇಂಟೆಲ್‌ನ ಹೊಸ ಪ್ರೊಸೆಸರ್‌ಗಳಲ್ಲಿ ಹೀಗಾಗುವುದುಂಟು, ಡಿಸ್ಕ್ ಸತ್ತಿದೆ ಅಂತ ಹೆದರಬೇಡಿ. ಲ್ಯಾಪ್‌ಟಾಪ್ ತಯಾರಕರ ವೆಬ್‌ಸೈಟಿನಿಂದ ಸ್ಟೋರೇಜ್ ಡ್ರೈವರ್ (ವಿಂಡೋಸಿಗೆ ಡಿಸ್ಕನ್ನು ಗುರುತಿಸಿಕೊಡುವ ಸಾಫ್ಟ್‌ವೇರ್) ಇಳಿಸಿ, ಪೆನ್ ಡ್ರೈವಿಗೆ ಹಾಕಿ, 'ಲೋಡ್ ಡ್ರೈವರ್' ಒತ್ತಿದರೆ ಕಾಣಿಸಿಕೊಳ್ಳುತ್ತದೆ. ವೈಫೈ ಡ್ರೈವರ್ ಇರಲಿಲ್ಲ. ಮೊಬೈಲನ್ನು ಕೇಬಲ್‌ನಲ್ಲಿ ಜೋಡಿಸಿ ಟೆದರಿಂಗ್ (ಮೊಬೈಲಿನ ನೆಟ್ ಹಂಚಿಕೊಳ್ಳುವುದು) ಆನ್ ಮಾಡಿದಾಗ ನೆಟ್ ಬಂತು.

ಈ ಸಲ ನಿಮ್ಮ ಮನೆಯಿಂದ ಯಾರಾದರೂ ಹೊರಡುತ್ತಿದ್ದರೆ, ವಿಮಾನ ಹತ್ತುವ ಮೊದಲು ಆ 48 ಅಂಕಿಗಳನ್ನು ಪ್ರಿಂಟ್ ತೆಗೆಸಿ ಪಾಸ್‌ಪೋರ್ಟಿನ ಜೆರಾಕ್ಸ್ ಜೊತೆ ಇಡಿಸಿ. ಖಾತೆಗೆ ಇನ್ನೊಂದು ಇಮೇಲ್ ಸೇರಿಸಲು ಹೇಳಿ, ಇಲ್ಲಿನ ನಂಬರ್ ಸಿಕ್ಕಮೇಲೆ ಅದನ್ನೂ ಸೇರಿಸಲಿ. ಅಲ್ಲಿಯವರೆಗೆ ಊರಿನ ಸಿಮ್ಮಿಗೆ ರೀಚಾರ್ಜ್ ಮಾಡಿಸುತ್ತಿರಿ.