ಅವರು ನಿಮಗೆ ಏನಾಗಬೇಕು?

ಬೆಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕಿದವರಿಗೆಲ್ಲ ‘ಫ್ಯಾಮಿಲಿನಾ, ಬ್ಯಾಚುಲರ್ಸಾ?’ ಎಂಬ ಪ್ರಶ್ನೆ ಚಿರಪರಿಚಿತ. 11 ವರ್ಷಗಳಿಂದ ಒಂದೇ ಒಲೆಯ ಅಡುಗೆ ಉಣ್ಣುತ್ತಿರುವ ನಾವಿಬ್ಬರು ಗಂಡಸರು ಈ ಎರಡರಲ್ಲಿ ಯಾವುದಕ್ಕೂ ಸೇರುವುದಿಲ್ಲ. ಆಗ ಎರಡನೆಯ ಪ್ರಶ್ನೆ ಬರುತ್ತದೆ: “ಅವರು ನಿಮಗೆ ಏನಾಗಬೇಕು?” ಇದುವರೆಗೆ ಮೂವರು ಮಾಲೀಕರಿಗೆ ನಾನು ಕೊಟ್ಟಿರುವ ಉತ್ತರ ‘ಸೋದರಮಾವನ ಮಗ’ ಎಂದು. ನಮ್ಮ ಮನೆತನದಲ್ಲಿ ಸೋದರಮಾವನ ಮಗಳನ್ನು ತಂದುಕೊಳ್ಳುವ ವಾಡಿಕೆ ಇರುವುದರಿಂದ ಇದು ಪೂರ್ತಿ ಸುಳ್ಳೇನಲ್ಲ ಎಂದು ಅವನು ತಮಾಷೆ ಮಾಡುತ್ತಾನೆ.

ಒಮ್ಮೆ ಮಾತ್ರ ನಿಜ ಹೇಳಿದೆ. ವಯಸ್ಕರ ಸಮ್ಮತಿಯ ಸಲಿಂಗ ಸಂಬಂಧ ಅಪರಾಧವಲ್ಲ ಎಂದು 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟು ತೀರ್ಪು ನೀಡಿತ್ತು. ದೆಹಲಿ ಹೈಕೋರ್ಟು 2009ರಲ್ಲಿ ಕೊಟ್ಟಿದ್ದನ್ನು 2013ರಲ್ಲಿ ಇದೇ ಸುಪ್ರೀಂ ಕೋರ್ಟು ಕಿತ್ತುಕೊಂಡದ್ದನ್ನು ನೋಡಿದ್ದ ನಮಗೆ ಆ ದಿನ ಎಂಥ ನಿರಾಳವಾಗಿತ್ತೆಂದರೆ, ಮರುವರ್ಷ ಮನೆ ನೋಡಲು ಹೋದಾಗಲೂ ಅದರ ಹುಮ್ಮಸ್ಸು ಇಳಿದಿರಲಿಲ್ಲ. ನಿವೃತ್ತರಾದ ಆ ಯಜಮಾನರು ಕಾಫಿ ಕೊಟ್ಟು, ಸಂಪು ತೋರಿಸಿ, ಕಾವೇರಿ ನೀರು ವಾರಕ್ಕೆ ಎಷ್ಟು ದಿನ ಬರುತ್ತದೆಂದು ವಿವರಿಸಿ, ಅಡ್ವಾನ್ಸಿನ ಮಾತನ್ನೂ ಮುಗಿಸಿದ್ದರು. ನನ್ನ ಉತ್ತರ ಕೇಳಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ನನಗೇನೂ ಇಲ್ಲಪ್ಪಾ, ಅಕ್ಕಪಕ್ಕದವರು ಒಂದು ಥರಾ” ಎಂದರು. ಬೈಯಲಿಲ್ಲ, ದನಿ ಎತ್ತಲಿಲ್ಲ. ಗೇಟಿನವರೆಗೆ ಬಂದು ಬೀಳ್ಕೊಟ್ಟರು. ಎರಡು ತಿಂಗಳ ನಂತರವೂ ಆ ಗೇಟಿನಲ್ಲಿ ‘ಟು ಲೆಟ್’ ಫಲಕ ತೂಗುತ್ತಲೇ ಇತ್ತು.

ಇಂಥ ಸೌಜನ್ಯದ ವಿರುದ್ಧ ಎಲ್ಲಿ ದೂರು ಕೊಡಬೇಕು? ಸಂವಿಧಾನದ 15ನೇ ವಿಧಿಯಲ್ಲಿರುವ ‘ಲಿಂಗ’ ಎಂಬ ಪದದಲ್ಲಿ ಲೈಂಗಿಕ ಒಲವೂ ಅಡಕವಾಗಿದೆ ಎಂದು 2018ರ ಪೀಠದ ಕೆಲವು ನ್ಯಾಯಮೂರ್ತಿಗಳು ಬರೆದಿದ್ದಾರೆ. ಆದರೆ ತಾರತಮ್ಯ ಮಾಡಬಾರದೆಂದು ಆ ವಿಧಿ ಕಟ್ಟಿಹಾಕುವುದು ಮುಖ್ಯವಾಗಿ ಸರ್ಕಾರವನ್ನು, ಮೂರನೇ ಅಡ್ಡರಸ್ತೆಯ ಮನೆ ಮಾಲೀಕರನ್ನಲ್ಲ. 2019ರ ಲಿಂಗತ್ವ ಅಲ್ಪಸಂಖ್ಯಾತರ ಕಾಯ್ದೆಯಲ್ಲಿ ಬಾಡಿಗೆ ಮನೆ ನಿರಾಕರಿಸುವುದು ತಾರತಮ್ಯವೆಂದು ಸ್ಪಷ್ಟವಾಗಿಯೇ ಇದೆ, ಆದರೆ ನಮ್ಮಂಥವರು ಅದರ ವ್ಯಾಪ್ತಿಗೆ ಬರುವುದಿಲ್ಲ. (ಆ ಕಾಯ್ದೆ ಇದ್ದೂ ಅವರಿಗೆ ಮನೆ ಎಷ್ಟು ಸುಲಭವಾಗಿ ಸಿಗುತ್ತಿದೆ ಎಂಬುದನ್ನು ಬಲ್ಲವರು ಬಲ್ಲರು.) ಮದುವೆಯ ದಾರಿಯನ್ನಂತೂ 2023ರ ಅಕ್ಟೋಬರ್ 17ರ ತೀರ್ಪು ಸಂಸತ್ತಿನ ಕಡೆಗೆ ತಿರುಗಿಸಿ ಕೈತೊಳೆದುಕೊಂಡಿತು.

ಸಲಿಂಗ ಸಂಗಾತಿಗಳು ಜಂಟಿ ಖಾತೆ ತೆರೆಯಲು, ಒಬ್ಬರನ್ನೊಬ್ಬರು ನಾಮಿನಿ ಮಾಡಲು ಅಡ್ಡಿಯಿಲ್ಲವೆಂದು 2024ರ ಆಗಸ್ಟಿನಲ್ಲಿ ಕೇಂದ್ರ ಹಣಕಾಸು ಸಚಿವಾಲಯ ತಿಳಿಸಿದ ಮೇಲೆ ನಾವು ಬ್ಯಾಂಕಿಗೆ ಹೋದೆವು. ಅರ್ಜಿಯ ‘ಸಂಬಂಧ’ ಎಂಬ ಕಾಲಮ್ಮಿನಲ್ಲಿ, ಕೈ ತುಸು ನಡುಗಿದರೂ, ‘ಸಂಗಾತಿ’ ಎಂದು ಬರೆದೆ. ಗುಮಾಸ್ತೆ ಹುಡುಗಿ ಅದನ್ನು ಓದಿ, ನಮ್ಮಿಬ್ಬರನ್ನೂ ನೋಡಿ, ಕಂಪ್ಯೂಟರಿನ ಪಟ್ಟಿಯನ್ನು ಮೇಲಿನಿಂದ ಕೆಳಗಿನವರೆಗೆ ಎರಡು ಸಲ ಹುಡುಕಿದಳು. “ಸರ್, ಇದರಲ್ಲಿ ಅದಿಲ್ಲ. ‘ಇತರೆ’ ಅಂತ ಹಾಕಲಾ?” ಎಂದಳು.

ಹಾಕಿ ಎಂದೆ.