ಪ್ರಾಸ್ಟೇಟ್ ಬಯಾಪ್ಸಿ ರಿಪೋರ್ಟಿನ ಆ ‘6’

ಬಯಾಪ್ಸಿ ರಿಪೋರ್ಟ್ ಕೈಗೆ ಬಂದರೆ ಮನೆಯವರ ಕಣ್ಣು ಮೊದಲು ‘ಅಡಿನೋಕಾರ್ಸಿನೋಮ’ (ಗ್ರಂಥಿಯಿಂದ ಹುಟ್ಟುವ ಕ್ಯಾನ್ಸರ್) ಎಂಬ ಪದದ ಮೇಲೆ ಬೀಳುತ್ತದೆ, ಆಮೇಲೆ ‘ಗ್ಲೀಸನ್ ಸ್ಕೋರ್ 3+3=6’ ಎಂಬ ಸಾಲಿನ ಮೇಲೆ. ಹತ್ತಕ್ಕೆ ಆರು ಅಂದರೆ ರೋಗ ಅರ್ಧ ದಾಟಿತು ಎಂದುಕೊಂಡು ಆ ರಾತ್ರಿ ಯಾರೂ ಮಲಗುವುದಿಲ್ಲ. ಆದರೆ ಇವತ್ತು ಬಯಾಪ್ಸಿಯಲ್ಲಿ ಈ ಕ್ಯಾನ್ಸರಿಗೆ ಕೊಡುವ ಅತಿ ಕಡಿಮೆ ಅಂಕವೇ ಆರು. ಇದನ್ನು ಮೊದಲ ದಿನವೇ ಬಿಡಿಸಿ ಹೇಳಬೇಕು.

1960ರ ದಶಕದಲ್ಲಿ ಅಮೆರಿಕದ ಮಿನಿಯಾಪೊಲಿಸ್‌ನ ರೋಗಶಾಸ್ತ್ರಜ್ಞ ಡೊನಾಲ್ಡ್ ಗ್ಲೀಸನ್ ಸೂಕ್ಷ್ಮದರ್ಶಕದಲ್ಲಿ ಗ್ರಂಥಿಗಳ ಆಕಾರ ನೋಡಿ 1ರಿಂದ 5ರವರೆಗೆ ನಮೂನೆಗಳನ್ನು ಗುರುತಿಸಿದರು. 1 ಮತ್ತು 2 ಈಗ ಬಯಾಪ್ಸಿಯಲ್ಲಿ ಬಳಕೆಯಲ್ಲಿಲ್ಲ. ಮೂರನೆಯ ನಮೂನೆಯಲ್ಲಿ ಒಂದೊಂದು ಗ್ರಂಥಿಯೂ ಬಿಡಿಬಿಡಿಯಾಗಿ, ನಡುವೆ ಪುಟ್ಟ ಬಾಯಿ ತೆರೆದುಕೊಂಡು ಕಾಣುತ್ತದೆ. ನಾಲ್ಕರಲ್ಲಿ ಅವು ಒಂದಕ್ಕೊಂದು ಅಂಟಿಕೊಂಡಿರುತ್ತವೆ, ಕೆಲವು ಕಡೆ ಜರಡಿಯ ಹಾಗೆ ತೂತುತೂತಾಗಿರುತ್ತವೆ. ಐದಕ್ಕೆ ಬಂದರೆ ಗ್ರಂಥಿಯ ರೂಪವೇ ಉಳಿದಿರುವುದಿಲ್ಲ, ಬರೀ ಕೋಶಗಳ ಹಾಸು. ಹೆಚ್ಚು ಜಾಗ ಹಿಡಿದ ನಮೂನೆಯ ಅಂಕ ಮೊದಲು, ಉಳಿದದ್ದರಲ್ಲಿ ಅತಿ ಕೆಟ್ಟದ್ದರ ಅಂಕ ಆಮೇಲೆ. ಹಾಗಾಗಿ 3+4 ಮತ್ತು 4+3 ಕೂಡಿದರೆ ಎರಡೂ ಏಳೇ ಆದರೂ ಎರಡನೆಯದರಲ್ಲಿ ನಾಲ್ಕರ ಪಾಲೇ ಹೆಚ್ಚು. ಅದರ ಸ್ವಭಾವ ಹೆಚ್ಚು ಒರಟು. ಈ ಗೊಂದಲ ತಪ್ಪಿಸಲೆಂದೇ 2014ರಲ್ಲಿ ಗ್ರೇಡ್ ಗ್ರೂಪ್ ಬಂತು: 3+3 ಆದರೆ ಗ್ರೂಪ್ 1, 3+4 ಆದರೆ 2, 4+3 ಆದರೆ 3, ಮೊತ್ತ 8 ಆದರೆ 4, 9 ಅಥವಾ 10 ಆದರೆ 5. ರಿಪೋರ್ಟಿನಲ್ಲಿ ಇದು ಬರೆದಿಲ್ಲದಿದ್ದರೆ ಕೇಳಿ.

ಅಂಕದಷ್ಟೇ ಮುಖ್ಯ, ತೆಗೆದ ಹನ್ನೆರಡು ಕೋರ್‌ಗಳಲ್ಲಿ (ಸೂಜಿಯಿಂದ ತೆಗೆದ ಎಳೆಯಂಥ ತುಣುಕುಗಳಲ್ಲಿ) ಎಷ್ಟರಲ್ಲಿ ಕ್ಯಾನ್ಸರ್ ಇದೆ, ಪ್ರತಿಯೊಂದರಲ್ಲಿ ಶೇಕಡಾ ಎಷ್ಟು, ಜರಡಿ ರೂಪ ಇದೆಯೇ ಎಂಬುದು. 3 ಮತ್ತು 4ರ ಗಡಿಯಲ್ಲಿ ಅನುಭವಿಗಳೂ ಬೇರೆಬೇರೆ ಹೇಳುವುದುಂಟು. ಚಿಕಿತ್ಸೆಯ ತೀರ್ಮಾನ ಆ ಗಡಿಯ ಮೇಲೇ ನಿಂತಿದ್ದರೆ ಸ್ಲೈಡ್ ಮತ್ತು ಬ್ಲಾಕ್ ಎರಡನ್ನೂ ಪಡೆದು ಪ್ರಾಸ್ಟೇಟ್ ಹೆಚ್ಚು ನೋಡುವ ಪೆಥಾಲಜಿಸ್ಟ್‌ಗೆ ತೋರಿಸುವುದು ವಾಸಿ. ಬ್ಲಾಕ್ ಅಂದರೆ ಆ ತುಣುಕನ್ನು ಹುದುಗಿಸಿಟ್ಟ ಮೇಣ, ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಬಿಡಬೇಡಿ.

ಬಯಾಪ್ಸಿಗೂ ಮುಂಚೆ ಎಡವುವುದು ಪಿಎಸ್‌ಎಯಲ್ಲಿ, ಅಂದರೆ ಪ್ರಾಸ್ಟೇಟ್ ತಯಾರಿಸುವ ಒಂದು ಪ್ರೋಟೀನನ್ನು ರಕ್ತದಲ್ಲಿ ಅಳೆಯುವ ಪರೀಕ್ಷೆಯಲ್ಲಿ. ಮೂತ್ರದ ಸೋಂಕು ಇದ್ದಾಗ, ಮೂತ್ರ ಕಟ್ಟಿ ಕ್ಯಾತಿಟರ್ ಹಾಕಿದಾಗ ಅದು ಸುಮ್ಮನೆ ಏರುತ್ತದೆ. ಸೋಂಕು ವಾಸಿಯಾದ ಮೇಲೆ ಆರು ವಾರ ಬಿಟ್ಟು ಮತ್ತೆ ನೋಡಬೇಕು. ಇದಕ್ಕಿಂತ ಅಪಾಯದ ತಪ್ಪು ಇನ್ನೊಂದಿದೆ. ಪ್ರಾಸ್ಟೇಟ್ ದೊಡ್ಡದಾಗಿದೆಯೆಂದು ಡುಟಾಸ್ಟೆರೈಡ್ ಅಥವಾ ಫಿನಾಸ್ಟೆರೈಡ್ ನುಂಗುತ್ತಿರುವವರಲ್ಲಿ ಆರು ತಿಂಗಳಿಂದ ಒಂದು ವರ್ಷದೊಳಗೆ ಪಿಎಸ್‌ಎ ಸುಮಾರು ಅರ್ಧಕ್ಕೆ ಇಳಿದಿರುತ್ತದೆ. ಅವರ 3 ನಿಜದಲ್ಲಿ 6. ಲ್ಯಾಬ್ ಕಾಗದದಲ್ಲಿ ‘ನಾರ್ಮಲ್’ ಎಂದೇ ಇರುತ್ತದೆ. ಎಂಆರ್‌ಐಯನ್ನು ಬಯಾಪ್ಸಿಗಿಂತ ಮೊದಲೇ ಮಾಡಿಸಿ. ಸೂಜಿ ಚುಚ್ಚಿದ ಮೇಲೆ ಒಳಗಿನ ರಕ್ತ ವಾರಗಟ್ಟಲೆ ಚಿತ್ರವನ್ನು ಮಸುಕಾಗಿಸುತ್ತದೆ.

ಗ್ರೂಪ್ 1, ಪಿಎಸ್‌ಎ 10ಕ್ಕಿಂತ ಕಡಿಮೆ, ಗಡ್ಡೆ ಗ್ರಂಥಿಯೊಳಗೇ ಇದೆ ಎಂದಾದರೆ ಸಾಮಾನ್ಯವಾಗಿ ಆತುರದ ಚಿಕಿತ್ಸೆ ಬೇಡ. ಕಣ್ಣಿಟ್ಟು ಕಾಯುವುದೂ ಒಂದು ಚಿಕಿತ್ಸಾ ಕ್ರಮವೇ: ಆರು ತಿಂಗಳಿಗೊಮ್ಮೆ ಪಿಎಸ್‌ಎ, ಬೇಕಾದಾಗ ಎಂಆರ್‌ಐ, ಮತ್ತೊಂದು ಬಯಾಪ್ಸಿ. ಬ್ರಿಟನ್ನಿನ ಪ್ರೊಟೆಕ್ಟ್ ಅಧ್ಯಯನದಲ್ಲಿ, ರೋಗ ಗ್ರಂಥಿಯೊಳಗಿದ್ದ 1,643 ಗಂಡಸರನ್ನು ನಿಗಾ, ಆಪರೇಷನ್, ರೇಡಿಯೇಷನ್ ಎಂದು ಮೂರು ಗುಂಪು ಮಾಡಿದ್ದರು. 15 ವರ್ಷದ ಬಳಿಕ ಈ ಕ್ಯಾನ್ಸರಿನಿಂದ ಸತ್ತವರು ಮೂರೂ ಗುಂಪಿನಲ್ಲಿ ನೂರಕ್ಕೆ ಎರಡು ಮೂರು ಮಂದಿ ಮಾತ್ರ. ರೋಗ ಹರಡಿದ್ದು ನಿಗಾ ಗುಂಪಿನಲ್ಲಿ ಸುಮಾರು 9, ಉಳಿದೆರಡರಲ್ಲಿ 5. ಮೂತ್ರ ಸೋರಿಕೆ ಮತ್ತು ಲೈಂಗಿಕ ತೊಂದರೆ ಆಪರೇಷನ್ ಆದವರಲ್ಲೇ ಹೆಚ್ಚು. ನಾಚಿಕೆ ಬಿಟ್ಟು ಇದನ್ನು ದಂಪತಿಗಳಿಬ್ಬರೂ ಕೂತು ಮೊದಲೇ ಕೇಳಿಕೊಳ್ಳಬೇಕು.

ಚಿಕಿತ್ಸೆಯಾದ ಮೇಲೆ ಪಿಎಸ್‌ಎ ಓದುವ ರೀತಿಯೂ ಬದಲಾಗುತ್ತದೆ. ಗ್ರಂಥಿ ತೆಗೆದವರಲ್ಲಿ ಅದು 0.1ಕ್ಕಿಂತ ಕೆಳಗಿಳಿಯಬೇಕು, ಎರಡು ಸಲ 0.2 ಅಥವಾ ಹೆಚ್ಚು ಬಂದರೆ ರೋಗ ಮರಳಿದೆ ಎಂದರ್ಥ. ರೇಡಿಯೇಷನ್ ಆದವರಲ್ಲಿ ಅತಿ ಕೆಳಗಿಳಿದ ಅಂಕಕ್ಕಿಂತ 2 ಏರಿದಾಗ ಹಾಗೆ ಹೇಳುತ್ತಾರೆ. ನಡುವೆ ಸ್ವಲ್ಪ ಏರಿ ತಾನೇ ಇಳಿಯುವುದುಂಟು, ಗಾಬರಿ ಬೇಡ.

ಮೂಳೆಗೆ ಹರಡಿದ್ದರೆ ಪೂರ್ತಿ ವಾಸಿಯಾಗುವುದು ಕಷ್ಟ, ಆದರೆ ಹಲವರನ್ನು ವರ್ಷಗಟ್ಟಲೆ ಹತೋಟಿಯಲ್ಲಿಡಬಹುದು. ಟೆಸ್ಟೋಸ್ಟೆರಾನ್ ಇಳಿಸುವುದು ಬುನಾದಿ: ಮೂರು ತಿಂಗಳಿಗೊಂದು ಇಂಜೆಕ್ಷನ್, ಇಲ್ಲವೇ ವೃಷಣ ತೆಗೆಯುವ ಚಿಕ್ಕ ಆಪರೇಷನ್. ಖರ್ಚು ಒಂದೇ ಸಲ ಮುಗಿಯಲಿ ಎನ್ನುವವರಿಗೆ ಎರಡನೆಯದು ಅಷ್ಟೇ ಪರಿಣಾಮಕಾರಿ. ಇಂಜೆಕ್ಷನ್ ಆರಿಸಿಕೊಂಡರೆ ತಾರೀಖು ತಪ್ಪಿಸಬೇಡಿ. ಜೊತೆಗೆ ಅಬಿರಾಟೆರೋನ್ (ಟೆಸ್ಟೋಸ್ಟೆರಾನ್ ತಯಾರಾಗುವುದನ್ನು ತಡೆಯುವ ಮಾತ್ರೆ) ಕೊಟ್ಟಿದ್ದರೆ ಸಾಮಾನ್ಯ ಪ್ರಮಾಣ 1000 ಮಿಲಿಗ್ರಾಂ, ಖಾಲಿ ಹೊಟ್ಟೆಯಲ್ಲಿ. ಊಟದ ಜೊತೆ ನುಂಗಿದರೆ ರಕ್ತದಲ್ಲಿ ಔಷಧಿಯ ಮಟ್ಟ ಬೇಕಾದ್ದಕ್ಕಿಂತ ಬಹಳ ಏರುತ್ತದೆ. ಬಿಪಿ ಮತ್ತು ಪೊಟ್ಯಾಸಿಯಂ ನೋಡಿಸುತ್ತಿರಿ.

ಇಂಥವರಿಗೆ ಹೊಸದಾಗಿ ಬೆನ್ನು ನೋವು ಶುರುವಾಗಿ ಕಾಲಿನ ಬಲ ಕುಂದಿದರೆ, ಜೋಮು ಹಿಡಿದರೆ, ಮೂತ್ರ ಕಟ್ಟಿದರೆ ಬೆನ್ನುಹುರಿ ಒತ್ತಿಹೋಗುತ್ತಿರಬಹುದು. ಬೆಳಗಾಗಲಿ ಎಂದು ಕಾಯದೆ ಎಂಆರ್‌ಐ ಇರುವ ಆಸ್ಪತ್ರೆಗೆ ಆಗಲೇ ಹೊರಡಿ; ನಡೆಯುವ ಶಕ್ತಿ ಇರುವಾಗಲೇ ಚಿಕಿತ್ಸೆ ಸಿಕ್ಕವರು ಆಮೇಲೂ ನಡೆಯುವ ಸಾಧ್ಯತೆ ಹೆಚ್ಚು.