ನೀರಿರೋ ಕಡೆ ತಾನೆ ತೊಳೀಬೇಕು

ಮಂಗಳವಾರ ಬೆಳಿಗ್ಗೆ ಆರೂವರೆಗೆ ಕೆರೆ ಹತ್ತಿರ ಹೋದಾಗ ಮೀನುಗಳೆಲ್ಲ ಇರಬಾರದ ಮೂಲೆಯಲ್ಲಿದ್ದವು.

ಮಣ್ಣಿನ ಕೆರೆಯಲ್ಲಿ ಕೋಯಿ ಅನ್ನೋ ಬಣ್ಣದ ಅಲಂಕಾರದ ಮೀನು ಸಾಕಿದರೆ ಅದು ಕಣ್ಣಿಗೆ ಬೀಳುವುದೇ ಅಪರೂಪ. ನೀರು ಹಸಿರು ಕಲೆಸಿದ ಟೀ ಥರ ಇರುತ್ತದೆ. ಮೊಣಕೈವರೆಗೆ ಕೈ ಮುಳುಗಿಸಿದರೆ ಅಂಗೈ ಕಾಣಬಾರದು, ಆಗಲೇ ಮೀನಿಗೆ ಬೇಕಾದ ಸಣ್ಣ ಜೀವಗಳು ನೀರಲ್ಲಿವೆ ಅಂತ ಲೆಕ್ಕ. ಮೇವು ಹಾಕಿದಾಗ ನಾಲ್ಕು ಬಾಯಿ, ಎರಡು ಬೆನ್ನು ಕಂಡರೆ ಅಷ್ಟೇ. ಹಿಂದಿನ ದಿನ ಪೂರ್ತಿ ಮೋಡ ಇದ್ದರೆ ಮಾತ್ರ ಬೆಳಗಿನ ಜಾವ ಆಮ್ಲಜನಕ ಕಮ್ಮಿಯಾಗಿ ಮೇಲೆ ಬರುತ್ತವೆ. ಬಂದರೂ ತೋಡಿನ, ಅಂದರೆ ಕೆರೆಗೆ ಇಳಿಯುವ ಸಣ್ಣ ಹಳ್ಳದ, ನೀರು ಬೀಳುವ ಜಾಗದಲ್ಲೇ ಗುಂಪು ಕಟ್ಟುತ್ತವೆ. ಅವತ್ತು ತೋಡಿನ ಹತ್ತಿರ ಒಂದೂ ಇರಲಿಲ್ಲ. ಎಲ್ಲ ಎದುರು ಮೂಲೆಯ ತೂಬಿನ ಹತ್ತಿರ, ಏರಿಗೆ ಮುಖ ಕೊಟ್ಟು, ಬಾಯಿ ತೆರೆದು ಮುಚ್ಚಿ ಮಾಡುತ್ತಿದ್ದವು. ಹೊಸ ನೀರಿನಿಂದ ಎಷ್ಟು ದೂರ ಹೋಗಬಹುದೋ ಅಷ್ಟು ದೂರ ಹೋಗಿದ್ದವು.

ತೋಡಿನ ಗುಂಟ ಮೇಲೆ ಹತ್ತಿದೆ. ನೂರಡಿ ಹೋಗುವಷ್ಟರಲ್ಲಿ ಒಂದು ಕಲ್ಲಿನ ಮೇಲೆ ತಿಳಿನೀಲಿ ಕಲೆ ಕಂಡಿತು. ಮೈಲುತುತ್ತ, ಅಂದರೆ ತಾಮ್ರದ ಉಪ್ಪು.

ಸೋಮವಾರ ಕರಿಮೆಣಸಿಗೆ ಬೋರ್ಡೋ, ಅಂದರೆ ಮೈಲುತುತ್ತ-ಸುಣ್ಣದ ದ್ರಾವಣ, ಹೊಡೆದಿದ್ದೆವು. ಮಳೆ ಹಿಡಿಯುವ ಮುಂಚೆ ಹೊಡೆಯದಿದ್ದರೆ ಬಳ್ಳಿಗೆ ಸೊರಗು ರೋಗ, ಕಾಫಿಗೆ ಕೊಳೆರೋಗ. ಕೊಡಗಿನಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಎಂಟು ಗಂಟೆಗೆ ನಮ್ಮ ತೋಟದ ಅಣ್ಣ ಕೆಲಸಕ್ಕೆ ಬಂದರು. ನಾನು ಕೇಳಿದೆ.

"ಅಣ್ಣಾ, ನಿನ್ನೆ ಡ್ರಮ್ ಎಲ್ಲಿ ತೊಳೆದ್ರಿ?"

"ತೋಡಲ್ಲಿ."

"ತೋಡಲ್ಲಿ ಯಾಕೆ?"

"ನೀರಿರೋ ಕಡೆ ತಾನೆ ತೊಳೀಬೇಕು ಅಕ್ಕ."

ಈ ಮಾತು ನಾಲ್ಕು ದಿನದಿಂದ ಕಿವಿಯಲ್ಲೇ ಇದೆ. ಅವರ ದನಿಯಲ್ಲಿ ಉಡಾಫೆ ಇರಲಿಲ್ಲ. ಇಷ್ಟು ಸಣ್ಣ ವಿಷಯ ಯಾಕೆ ಕೇಳುತ್ತಾಳೆ ಅನ್ನೋ ಆಶ್ಚರ್ಯ ಇತ್ತು, ಅಷ್ಟೇ. ಬೋರ್ಡೋ ಕಲೆಸುವುದರಲ್ಲಿ ಅವರಷ್ಟು ಅಚ್ಚುಕಟ್ಟಾದವರನ್ನು ನಾನು ಬೇರೆ ಕಂಡಿಲ್ಲ. ಒಂದು ಡ್ರಮ್ಮಿನಲ್ಲಿ ಮೈಲುತುತ್ತ, ಇನ್ನೊಂದರಲ್ಲಿ ಸುಣ್ಣ, ಆಮೇಲೆ ಎರಡನ್ನೂ ಸೇರಿಸುವುದು. 100 ಲೀಟರಿಗೆ ಒಂದು ಕೆಜಿ ಅದು, ಒಂದು ಕೆಜಿ ಇದು. ಕೊನೆಗೆ ಕತ್ತಿಯ ಬಾಯಿ ಅದ್ದಿ ನೋಡುತ್ತಾರೆ. ಕಬ್ಬಿಣ ಕೆಂಪಾದರೆ ತಾಮ್ರ ಇನ್ನೂ ಜಾಸ್ತಿ ಇದೆ, ಎಲೆ ಸುಡುತ್ತದೆ ಅಂತ ಮತ್ತೆ ಸುಣ್ಣ ಹಾಕುತ್ತಾರೆ. ಎಲೆ ಬಗ್ಗೆ ಇಷ್ಟು ಕಾಳಜಿ ಇರುವ ಮನುಷ್ಯನಿಗೆ ಮೀನಿನ ವಿಷಯ ನಾನು ಒಂದು ಮಾತೂ ಹೇಳಿರಲಿಲ್ಲ. ಅವರು ತೋಡಲ್ಲಿ ತೊಳೆದದ್ದು ಬರೀ ಮೈಲುತುತ್ತ ಕರಗಿಸಿದ ಡ್ರಮ್ಮು, ಸುಣ್ಣ ಇನ್ನೂ ಸೇರದೇ ಇದ್ದದ್ದು.

ಮೊದಲು ತೋಡಿನ ಬಾಯಿಗೆ ಜೇಡಿಮಣ್ಣು ಮೆತ್ತಿ ನೀರನ್ನು ಪಕ್ಕದ ಚರಂಡಿಗೆ ತಿರುಗಿಸಿದೆವು. ಅಷ್ಟರಲ್ಲಿ ಐದು ಮೀನು ಹೋಗಿದ್ದವು. ಒಂದರ ಕಿವಿರು ಎತ್ತಿ ನೋಡಿದೆ. ಕೆಂಪಗಿರಬೇಕಾದ ಎಳೆಗಳ ಮೇಲೆ ದಪ್ಪ ಲೋಳೆ ಅಂಟಿತ್ತು. ತಾಮ್ರ ಮೊದಲು ಹಿಡಿಯುವುದೇ ಅಲ್ಲಿ. ಆಮೇಲೆ ಬಲೆ ಎಳೆದು ಉಳಿದವನ್ನು ಮನೆ ಪಕ್ಕದ ಸಿಮೆಂಟ್ ತೊಟ್ಟಿಗೆ ಸಾಗಿಸಿದೆವು. ಬಕೆಟ್ಟಿಗೆ ತೊಟ್ಟಿ ನೀರನ್ನು ಚೊಂಬು ಚೊಂಬಾಗಿ ಬೆರೆಸಿ, ಸ್ವಲ್ಪ ಹೊತ್ತು ಕಾದು, ಬಿಟ್ಟೆವು. ಸಂಜೆಯೊಳಗೆ ಇನ್ನೂ ನಾಲ್ಕು ಸತ್ತವು. 62ರಲ್ಲಿ 53 ಉಳಿದವು.

ನನ್ನ ಸಂಕಟಕ್ಕೆ ಇನ್ನೊಂದು ಕಾರಣ ಇದೆ. ಎರಡು ವರ್ಷದಿಂದ ನಾನು ತಲೆ ಕೆಡಿಸಿಕೊಂಡದ್ದೆಲ್ಲ ಆ ಹತ್ತು ಸೆಂಟು ಕೆರೆಯ ಒಳಗಿನ ಮಣ್ಣಿನ ಬಗ್ಗೆ. ಅದು ನಮ್ಮ ಹಳೇ ಗದ್ದೆ. ಮೇಲಿನ ತೋಟದ ಕೆಂಪು ಮಣ್ಣಿನಲ್ಲಿ ಕೆರೆ ತೋಡಿದ್ದರೆ ನೀರು ನಿಲ್ಲುತ್ತಿರಲಿಲ್ಲ. ಗದ್ದೆಯ ಕೆಳಗಿನ ಬೂದು ಜೇಡಿ ಬೇರೆಯೇ. ಉಂಡೆ ಕಟ್ಟಿ ಮೇಲೆ ಎಸೆದು ಹಿಡಿದರೂ ಒಡೆಯುವುದಿಲ್ಲ. ಆದರೆ ನಮ್ಮ ಮಣ್ಣು ಹುಳಿ. ವರ್ಷಕ್ಕೆ ನೂರು ಇಂಚು ಮಳೆ ಸುರಿದರೆ ಸುಣ್ಣದ ಅಂಶ ಎಲ್ಲಿ ಉಳಿಯುತ್ತದೆ? ಕಾಫಿಗೆ ಸುಣ್ಣ ಹಾಕುವುದೂ ಅದಕ್ಕೇ ಅಲ್ವಾ. ಮೊದಲ ಸಲ ಕಿಟ್‌ನಲ್ಲಿ ನೋಡಿದಾಗ ಆಲ್ಕಲಿನಿಟಿ, ಅಂದರೆ ಹುಳಿಯನ್ನು ತಡೆದುಕೊಳ್ಳುವ ನೀರಿನ ಶಕ್ತಿ, ಲೀಟರಿಗೆ 20 ಮಿಲಿಗ್ರಾಂ ಇತ್ತು. ಸುಣ್ಣದ ಅಂಶ ಇಷ್ಟು ಕಮ್ಮಿ ಇರುವ ಮೆದು ನೀರಿನಲ್ಲಿ ಪಿಎಚ್ ಬೆಳಿಗ್ಗೆ ಒಂದು ಥರ, ಮಧ್ಯಾಹ್ನ ಇನ್ನೊಂದು ಥರ. ಕೆರೆ ಒಣಗಿಸಿ, ತಳ ಬಿರುಕು ಬಿಟ್ಟ ಮೇಲೆ 80 ಕೆಜಿ ಕೃಷಿ ಸುಣ್ಣ ಹರಡಿ, ಮತ್ತೆ ನೀರು ತುಂಬಿಸಿ, ಕೊನೆಗೂ ಅದನ್ನು 45ಕ್ಕೆ ತಂದಿದ್ದೆ. 53 ಮೀನು ಉಳಿದದ್ದು ಆ ಸುಣ್ಣದಿಂದಲೂ ಇರಬೇಕು. ನೀರು ಮೆದುವಾದಷ್ಟೂ ತಾಮ್ರದ ವಿಷ ಏರುತ್ತದೆ. ಪಾಚಿ ತೆಗೆಯಲು ಮೈಲುತುತ್ತ ಬಳಸುವವರೂ ಆಲ್ಕಲಿನಿಟಿ 50ಕ್ಕಿಂತ ಕೆಳಗಿದ್ದರೆ ಅದನ್ನು ಮುಟ್ಟಬಾರದು ಅನ್ನುವುದು ಮೀನು ಸಾಕಣೆಯ ಹಳೇ ಪಾಠ. ಹೋದ ವರ್ಷ ಒಂದು ಅಂಗಡಿಯಲ್ಲಿ ಮಾತ್ರ, "ಪಾಚಿಗೆ ಒಂದು ಹಿಡಿ ಮೈಲುತುತ್ತ ಹಾಕಿಬಿಡಿ, ಏನೂ ಆಗಲ್ಲ" ಅಂದಿದ್ದರು. ನೀರು ಎಂಥದ್ದು ಅಂತ ಕೇಳದೆ ಹಾಗೆ ಹೇಳುವವರ ಮೇಲೆ ನನಗೆ ಸಿಟ್ಟಿದೆ. ಅಣ್ಣನ ಮೇಲೆ ಇಲ್ಲ.

ಕೋಯಿ ಹುಟ್ಟಿದ್ದೂ ಇಂಥದೇ ಗದ್ದೆ ಊರಲ್ಲಿ. ಜಪಾನಿನ ನೀಗಾಟಾ ಪ್ರಾಂತ್ಯದ ಯಮಕೋಶಿ, ಓಜಿಯಾ ಕಡೆಯ ಗುಡ್ಡಗಳಲ್ಲಿ ರೈತರು ಗದ್ದೆ ನೀರಿನ ಹೊಂಡಗಳಲ್ಲಿ ಊಟಕ್ಕೆಂದು ಸಾಕುತ್ತಿದ್ದ ಕಪ್ಪು ಮೀನಿನಲ್ಲಿ, ಸುಮಾರು 200 ವರ್ಷದ ಹಿಂದೆ ಅಲ್ಲೊಂದು ಇಲ್ಲೊಂದು ಬಣ್ಣದ್ದು ಕಂಡಿತು. ಅದನ್ನೇ ಆರಿಸಿ ಆರಿಸಿ ಬೆಳೆಸಿದರು. ಈಗಲೂ ಬೇಸಿಗೆಯ ಶುರುವಿಗೆ ಜೇಡಿಮಣ್ಣಿನ ಹೊಂಡಕ್ಕೆ ಬಿಟ್ಟು ಅಕ್ಟೋಬರ್ ಹೊತ್ತಿಗೆ ಬಲೆ ಎಳೆಯುತ್ತಾರೆ. ಹಿಮ ಕರಗಿದ ಮೆದು ನೀರು, ಆ ಜೇಡಿ, ಇವೇ ಕೆಂಪಿಗೆ ಹೊಳಪು ಕೊಡುತ್ತವೆ ಅಂತ ಅವರ ನಂಬಿಕೆ. 2004ರ ಅಕ್ಟೋಬರಿನಲ್ಲಿ ಭೂಕಂಪವಾಗಿ ಆ ಗುಡ್ಡಗಳು ಕುಸಿದು, ಯಮಕೋಶಿಯ ಜನರನ್ನು ಹೆಲಿಕಾಪ್ಟರಿನಲ್ಲಿ ಸಾಗಿಸಬೇಕಾಯಿತು. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಕುಸಿದದ್ದನ್ನು ಕಂಡ ನಮಗೆ ಅದು ದೂರದ ಕಥೆ ಅನಿಸುವುದಿಲ್ಲ. ಗುಡ್ಡದ ಕೆಳಗೆ ಇರುವವರಿಗೆ ಮೇಲಿಂದ ಏನು ಬರುತ್ತದೋ ಅದೇ ಪಾಲು. ನನ್ನ ಕೆರೆಗೆ ಮೇಲಿಂದ ನಾನೇ ವಿಷ ಕಳಿಸಿದೆ. ಹಾಗಾದರೆ ನನ್ನ ತೂಬಿನಿಂದ ಕೆಳಗಿನ ಗದ್ದೆಗೆ ಹೋದದ್ದು? ಆ ತೋಡು ಕೊನೆಗೆ ಸೇರುವುದು ಕಾವೇರಿಗೆ. ಎಷ್ಟು ತೋಟದ ಡ್ರಮ್ಮು ಈ ವಾರ ಹೀಗೇ ನೀರಿರೋ ಕಡೆ ತೊಳೆದಿರಬಹುದು? ಎಷ್ಟು ವರ್ಷದಿಂದ? ಅಲ್ಲಿನ ಮೀನನ್ನು ಎಣಿಸಿದವರು ಯಾರೂ ಇಲ್ಲ. ಸತ್ತವು 62ರಲ್ಲಿ ಒಂಬತ್ತು ಅಂತ ಹೇಳಲು ಅವುಗಳಿಗೆ ಯಾರಿದ್ದಾರೆ?

ಬುಧವಾರ ಬೆಳಿಗ್ಗೆ ಅಣ್ಣ ತೊಟ್ಟಿಯ ಹತ್ತಿರ ನಿಂತಿದ್ದರು. ಬೋರಿನ ತಿಳಿ ನೀರು. ಎಂಟು ತಿಂಗಳಿಂದ ಟೀ ಬಣ್ಣದ ನೀರಿನೊಳಗೆ ಅಡಗಿದ್ದ ಮೀನು ಪೂರ್ತಿ ಕಾಣುತ್ತಿದ್ದವು. ಬೆಳ್ಳಗಿನ ಮೈ ಮೇಲೆ ಹಣ್ಣಾದ ಕಾಫಿ ಬಣ್ಣದ ಪಟ್ಟೆ. ಒಂದಕ್ಕೆ ತಲೆ ಮೇಲೆ ಕುಂಕುಮ ಇಟ್ಟ ಹಾಗೆ ಒಂದೇ ಬೊಟ್ಟು.

"ಇಷ್ಟು ಬಣ್ಣ ಇತ್ತಾ ಇದಕ್ಕೆ?" ಅಂದರು. ಎರಡು ವರ್ಷ ಆ ಕೆರೆ ಏರಿ ಮೇಲೆ ದಿನಾ ಓಡಾಡಿದವರು.

ತುಂಬಾ ಹೊತ್ತು ನೋಡಿದರು. ಆಮೇಲೆ ಹಾರೆ ಹಿಡಿದು ತೋಟದ ಮೇಲ್ಭಾಗಕ್ಕೆ, ತೋಡಿನಿಂದ ದೂರ ಹೋದರು. ಮಧ್ಯಾಹ್ನ ನೋಡಿದರೆ ಅಲ್ಲಿ ಒಂದು ಗುಂಡಿ, ಪಕ್ಕದಲ್ಲಿ ಎರಡು ಕೊಡ ನೀರು.

ಇನ್ನೂ ಅರ್ಧ ತೋಟಕ್ಕೆ ಬೋರ್ಡೋ ಹೊಡೆಯುವುದಿದೆ.